ಕ್ಯಾಶುಯಾಲ್ಟಿಯಲ್ಲಿ ಮೊದಲ ಸರದಿ ಯಾರದು?

ಬ್ಯಾಂಕಿನಲ್ಲಿ ಟೋಕನ್ ಇದೆ. ನ್ಯಾಯಬೆಲೆ ಅಂಗಡಿಯಲ್ಲಿ ಸಾಲು ಇದೆ. ನಮ್ಮ ಕಾಲೇಜಿನ ಫೀ ಕೌಂಟರಿನಲ್ಲೂ ಮೊದಲು ಬಂದವರಿಗೆ ಮೊದಲು ರಸೀದಿ. ಆಸ್ಪತ್ರೆಯ ಹೊರರೋಗಿ ವಿಭಾಗದಲ್ಲೂ ಹೆಚ್ಚುಕಡಿಮೆ ಇದೇ ನಿಯಮ. ಆದರೆ ಅದೇ ಆಸ್ಪತ್ರೆಯ ಕ್ಯಾಶುಯಾಲ್ಟಿಯಲ್ಲಿ, ಅಂದರೆ ತುರ್ತು ಚಿಕಿತ್ಸಾ ವಿಭಾಗದಲ್ಲಿ, ಈ ನಿಯಮ ನಡೆಯುವುದಿಲ್ಲ. ಕೈ ಮುರಿದುಕೊಂಡು ಒಂದು ಗಂಟೆಯಿಂದ ಕೂತವರನ್ನು ಬಿಟ್ಟು, ಈಗ ತಾನೇ ಬಂದವರನ್ನು ಒಳಗೆ ಕರೆದುಕೊಳ್ಳುತ್ತಾರೆ. ಇದನ್ನು ನೋಡಿ ‘ಅವರಿಗೆ ವಶೀಲಿ ಇದೆ’ ಎಂದು ಜನ ಸಿಟ್ಟಾಗುತ್ತಾರೆ. ಎಷ್ಟೋ ಜಗಳಗಳು ಇಲ್ಲಿಂದಲೇ ಶುರುವಾಗುತ್ತವೆ. ಕೆಲವೊಮ್ಮೆ ವೈದ್ಯರ ಮೇಲೆ, ನರ್ಸ್‌ಗಳ ಮೇಲೆ ಕೈ ಮಾಡುವವರೆಗೂ ಹೋಗುತ್ತದೆ.

ಆ ಸರದಿಯ ಲೆಕ್ಕ ಏನು, ಅಲ್ಲಿ ಯಾರ ಕೆಲಸ ಏನು ಎಂದು ನಾನು ತಿಳಿದುಕೊಂಡದ್ದನ್ನು ಇಲ್ಲಿ ಬರೆದಿದ್ದೇನೆ. ನಾನು ಕಾಮರ್ಸ್ ವಿದ್ಯಾರ್ಥಿ. ಡಾಕ್ಟರ್ ಆಗುವವರಿಗೆ ಮಾತ್ರ ಸಂಬಂಧಿಸಿದ ವಿಷಯ ಇದಲ್ಲ. ಒಂದಲ್ಲ ಒಂದು ದಿನ ನಾವೆಲ್ಲರೂ ಮನೆಯವರನ್ನು ಕರೆದುಕೊಂಡು ಆ ಬಾಗಿಲಿಗೆ ಹೋಗಲೇಬೇಕಾಗುತ್ತದೆ.

ಈ ಲೆಕ್ಕಕ್ಕೆ ‘ಟ್ರಯಾಜ್’ ಎಂದು ಹೆಸರು. ವಿಂಗಡಿಸುವುದು ಎಂಬ ಅರ್ಥದ ಫ್ರೆಂಚ್ ಪದ ಇದು. ನೆಪೋಲಿಯನ್ನನ ಸೈನ್ಯದಲ್ಲಿ ಡೊಮಿನಿಕ್ ಲಾರೆ ಎಂಬ ಶಸ್ತ್ರವೈದ್ಯರಿದ್ದರು. ಗಾಯಗೊಂಡವನು ಅಧಿಕಾರಿಯೋ ಸಾಮಾನ್ಯ ಸೈನಿಕನೋ ಎಂದು ನೋಡದೆ, ಯಾರ ಗಾಯ ಹೆಚ್ಚು ಅಪಾಯದ್ದೋ ಅವನಿಗೆ ಮೊದಲು ಚಿಕಿತ್ಸೆ ಎಂಬ ಪದ್ಧತಿಯನ್ನು ಅವರು ನಡೆಸಿದರು. ಇಂದಿಗೂ ಮೂಲ ತತ್ವ ಅದೇ. ಜೀವಕ್ಕೆ ತಕ್ಷಣ ಅಪಾಯ ಇರುವವರು ಕೆಂಪು ಗುಂಪು. ಗಂಭೀರ, ಆದರೆ ಸ್ವಲ್ಪ ಹೊತ್ತು ಕಾಯಬಹುದಾದವರು ಹಳದಿ. ನಡೆದಾಡಬಲ್ಲ, ಸಣ್ಣ ಗಾಯದವರು ಹಸಿರು. ಮೊದಲು ನೋಡುವುದು ಮೂರು ಸಂಗತಿ: ಉಸಿರಿನ ದಾರಿ ತೆರೆದಿದೆಯೇ, ಉಸಿರಾಟ ಸರಿಯಾಗಿದೆಯೇ, ರಕ್ತದ ಓಟ ಸರಿಯಾಗಿದೆಯೇ. ಜೋರಾಗಿ ಕೂಗಿಕೊಳ್ಳುವವರಿಗೆ ನೋವಿದೆ ನಿಜ, ಆದರೆ ಕೂಗಲು ಉಸಿರೂ ಇದೆ. ಕಣ್ಣು ಮುಚ್ಚಿ, ಬೆವರುತ್ತಾ, ಸುಮ್ಮನೆ ಮಲಗಿರುವವರೇ ಅನೇಕ ಸಲ ಕೆಂಪು ಗುಂಪಿನವರು. ಆದ್ದರಿಂದ ಅಲ್ಲಿ ನಮ್ಮನ್ನು ಕಾಯಿಸಿದರೆ, ‘ಸದ್ಯಕ್ಕೆ ನಿಮ್ಮ ಜೀವಕ್ಕೆ ಅಪಾಯವಿಲ್ಲ’ ಎಂದು ಹೇಳಿದ ಹಾಗೆ ಅಂದುಕೊಳ್ಳಬಹುದು. ಕಾಯುವಾಗ ಸ್ಥಿತಿ ಹದಗೆಟ್ಟರೆ ಮಾತ್ರ ಕೂಡಲೇ ಹೋಗಿ ಹೇಳಬೇಕು. ಆಗ ಗುಂಪು ಬದಲಾಗುತ್ತದೆ.

ಚಿಕಿತ್ಸೆ ಆಸ್ಪತ್ರೆಯ ಬಾಗಿಲಲ್ಲೇ ಶುರುವಾಗಬೇಕೆಂದಿಲ್ಲ. ಕರ್ನಾಟಕದಲ್ಲಿ 108 ಆಂಬುಲೆನ್ಸ್ ಸೇವೆ ‘ಆರೋಗ್ಯ ಕವಚ’ ಎಂಬ ಹೆಸರಿನಲ್ಲಿ 2008ರ ನವೆಂಬರ್ 1ರಂದು ಶುರುವಾಯಿತು. ಇದಕ್ಕೆ ಹಣ ಕೊಡಬೇಕಿಲ್ಲ. ಅದರಲ್ಲಿ ಇಬ್ಬರಿರುತ್ತಾರೆ. ಗಾಡಿ ಓಡಿಸುವವರನ್ನು ‘ಪೈಲಟ್’ ಎನ್ನುತ್ತಾರೆ. ಹಿಂದೆ ರೋಗಿಯ ಪಕ್ಕ ಕೂರುವವರು ಇ.ಎಂ.ಟಿ., ಅಂದರೆ ತುರ್ತು ವೈದ್ಯಕೀಯ ತಂತ್ರಜ್ಞರು. ಆಮ್ಲಜನಕ ಕೊಡುವುದು, ರಕ್ತಸ್ರಾವ ನಿಲ್ಲಿಸುವುದು, ಮುರಿದ ಮೂಳೆ ಅಲುಗಾಡದಂತೆ ಕಟ್ಟುವುದು ಅವರ ಕೆಲಸ. ಕರೆ ಮಾಡಿದಾಗ ಹತ್ತಿರದ ಮಸೀದಿ, ಶಾಲೆ, ಬಸ್ ನಿಲ್ದಾಣದಂಥ ಗುರುತು ಹೇಳಬೇಕು. ‘ಬೇಗ ಬನ್ನಿ’ ಎಂದಷ್ಟೇ ಹೇಳಿ ಫೋನ್ ಇಟ್ಟರೆ ಅವರು ಬರುವುದಾದರೂ ಎಲ್ಲಿಗೆ?

ಆಸ್ಪತ್ರೆಯೊಳಗೆ ನಮ್ಮನ್ನು ಮೊದಲು ನೋಡುವವರು ಸಾಮಾನ್ಯವಾಗಿ ನರ್ಸ್. ನಾಡಿ, ಬಿ.ಪಿ., ಆಮ್ಲಜನಕದ ಮಟ್ಟ, ಸಕ್ಕರೆ ಇವನ್ನು ಅವರು ಕೆಲವೇ ನಿಮಿಷದಲ್ಲಿ ನೋಡಿ ಬರೆಯುತ್ತಾರೆ. ಸಕ್ಕರೆ ತುಂಬಾ ಇಳಿದಾಗ ಮನುಷ್ಯ ತೊದಲುತ್ತಾನೆ, ಎಚ್ಚರ ತಪ್ಪುತ್ತಾನೆ. ನೋಡುವವರಿಗೆ ಲಕ್ವ ಹೊಡೆದ ಹಾಗೆ ಕಾಣಬಹುದು. ಅದಕ್ಕೇ ಬೆರಳು ಚುಚ್ಚಿ ಒಂದು ಹನಿ ರಕ್ತ ತೆಗೆಯುವುದು. ಇಸ್ಲಾಮಿನ ಇತಿಹಾಸದಲ್ಲಿ ಮೊದಲ ನರ್ಸ್ ಎಂದು ಗೌರವಿಸಲಾಗುವ ರುಫೈದಾ ಅಲ್-ಅಸ್ಲಮಿಯಾ(ರ) ಅವರು ಪ್ರವಾದಿ(ಸ)ಯವರ ಕಾಲದಲ್ಲಿ ಮದೀನಾದ ಮಸೀದಿಯ ಬಳಿ ಡೇರೆ ಹಾಕಿ ಗಾಯಾಳುಗಳ ಆರೈಕೆ ಮಾಡುತ್ತಿದ್ದರು. ನರ್ಸಿಂಗ್ ಸಣ್ಣ ಕೆಲಸ ಎಂದು ನಮ್ಮಲ್ಲಿ ಯಾರಾದರೂ ಹೇಳಿದರೆ ಇದನ್ನು ನೆನಪಿಸಬೇಕು.

ನಂತರ ಡ್ಯೂಟಿ ಡಾಕ್ಟರ್. ಇವರು ಹೃದಯ ತಜ್ಞರೋ ಮೂಳೆ ತಜ್ಞರೋ ಆಗಿರಬೇಕೆಂದಿಲ್ಲ. ರೋಗ ಯಾವುದೇ ಇರಲಿ, ಮೊದಲು ಜೀವ ಉಳಿಸಿ ಆಮೇಲೆ ಸಂಬಂಧಪಟ್ಟ ತಜ್ಞರಿಗೆ ಒಪ್ಪಿಸುವುದು ಅವರ ಕೆಲಸ. ಇದೇ ಒಂದು ಪ್ರತ್ಯೇಕ ವಿದ್ಯೆ. ನಮ್ಮ ದೇಶದಲ್ಲಿ ಭಾರತೀಯ ವೈದ್ಯಕೀಯ ಮಂಡಳಿ ತುರ್ತು ವೈದ್ಯಶಾಸ್ತ್ರವನ್ನು ಪ್ರತ್ಯೇಕ ವಿಭಾಗವಾಗಿ ಮಾನ್ಯ ಮಾಡಿದ್ದು 2009ರಲ್ಲಿ. ಇವರ ಜೊತೆಗೆ ಎಕ್ಸ್‌ರೇ ಮತ್ತು ಲ್ಯಾಬ್ ತಂತ್ರಜ್ಞರು, ಸ್ಟ್ರೆಚರ್ ತಳ್ಳುವವರು, ನೆಲದ ರಕ್ತ ತೊಳೆಯುವವರು ಇದ್ದಾರೆ. ಇವರಲ್ಲಿ ಒಬ್ಬರು ತಪ್ಪಿದರೂ ಕೆಲಸ ನಿಲ್ಲುತ್ತದೆ.

ನಮ್ಮ ಮನೆಯವರಂತೆ ಉರ್ದು ಮಾತಾಡುವವರಿಗೆ ಇನ್ನೊಂದು ತೊಡಕಿದೆ. ಕನ್ನಡದಲ್ಲಿ ದಾದಿ ಎಂದರೆ ನರ್ಸ್, ನಮ್ಮ ಮನೆಯಲ್ಲಿ ದಾದಿ ಎಂದರೆ ಅಬ್ಬಾನ ತಾಯಿ. ಕಳೆದ ವರ್ಷ ದಾದಿಯನ್ನು ಕ್ಯಾಶುಯಾಲ್ಟಿಗೆ ಕರೆದುಕೊಂಡು ಹೋದಾಗ ನರ್ಸ್ ‘ಏನಾಗ್ತಿದೆ ಅಜ್ಜಿ?’ ಎಂದು ಕೇಳಿದರು. ದಾದಿ ಹೇಳಿದ್ದು ಒಂದೇ ಮಾತು, ‘ಘಬರಾಹಟ್’. ಇದನ್ನು ‘ಹೆದರಿಕೆ’ ಎಂದು ಹೇಳಿದರೆ ಯಾರೂ ಅವಸರ ಮಾಡುವುದಿಲ್ಲ. ಆದರೆ ನಮ್ಮ ಹಿರಿಯರು ಎದೆ ಹಿಂಡಿದ ಹಾಗಾದರೂ, ಎದೆ ಡವಡವ ಎಂದರೂ, ಉಸಿರು ಕಟ್ಟಿದರೂ ಇದೇ ಪದ ಬಳಸುತ್ತಾರೆ. ‘ಎಲ್ಲಿ ಅಂತ ಕೈಯಿಟ್ಟು ತೋರಿಸಿ’ ಎಂದೆ. ದಾದಿ ಎದೆಯ ನಡುವೆ ಕೈಯಿಟ್ಟರು. ‘ಎದೆಯಲ್ಲಿ ಸಂಕಟ, ಬೆಳಿಗ್ಗೆ 6 ಗಂಟೆಯಿಂದ’ ಎಂದು ಹೇಳಿದ ಮೇಲೆ ತಕ್ಷಣ ಇಸಿಜಿ ಮಾಡಿದರು. ಅಲ್ಹಮ್ದುಲಿಲ್ಲಾಹ್, ದೊಡ್ಡ ತೊಂದರೆ ಇರಲಿಲ್ಲ. ಎದೆನೋವು ಎಂದು ಬಂದವರಿಗೆ 10 ನಿಮಿಷದೊಳಗೆ ಇಸಿಜಿ ಆಗಬೇಕು ಎಂಬುದು ವೈದ್ಯರ ನಿಯಮ ಎಂದು ನನಗೆ ಆಮೇಲೆ ಗೊತ್ತಾಯಿತು. ವಯಸ್ಸಾದವರಲ್ಲಿ, ಹೆಂಗಸರಲ್ಲಿ, ಸಕ್ಕರೆ ಕಾಯಿಲೆಯವರಲ್ಲಿ ನೋವೇ ಇಲ್ಲದೆಯೂ ಹೃದಯಾಘಾತ ಆಗಬಹುದು. ಹಾಗಾಗಿ ಮನೆಯಲ್ಲಿ ಕನ್ನಡ ಚೆನ್ನಾಗಿ ಬರುವವರು ಜೊತೆಗೆ ಹೋಗಬೇಕು. ಹೋದವರು ಪದವನ್ನಲ್ಲ, ಮೈಯಲ್ಲಿ ಏನಾಗುತ್ತಿದೆ ಎಂಬುದನ್ನು ಹೇಳಬೇಕು.

ಸಮಯವನ್ನೂ ಸರಿಯಾಗಿ ಹೇಳಬೇಕು. ರಕ್ತ ಹೆಪ್ಪುಗಟ್ಟಿ ಲಕ್ವ ಹೊಡೆದಿದ್ದರೆ, ಹೆಪ್ಪನ್ನು ಕರಗಿಸುವ ಇಂಜೆಕ್ಷನ್ ಅನ್ನು ಸಾಮಾನ್ಯವಾಗಿ 4.5 ಗಂಟೆಯೊಳಗೆ ಕೊಡಬೇಕು, ಅದೂ ಸ್ಕ್ಯಾನ್ ಆದ ಮೇಲೆ. ‘ಕೊನೆಯ ಸಲ ಸರಿಯಾಗಿದ್ದದ್ದು ಎಷ್ಟು ಗಂಟೆಗೆ?’ ಎಂಬ ಪ್ರಶ್ನೆಯ ಉತ್ತರದ ಮೇಲೆ ಆ ಚಿಕಿತ್ಸೆ ನಿಂತಿದೆ.

ಇನ್ನು ಎರಡು ಭಯ: ಹಣ ಮತ್ತು ಪೊಲೀಸ್. ಸ್ಕೂಟರ್ ಅಪಘಾತದ ಗಾಯಾಳುವೊಬ್ಬರನ್ನು ಒಂದು ಆಸ್ಪತ್ರೆ ‘ಇದು ಪೊಲೀಸ್ ಕೇಸ್’ ಎಂದು ಸೇರಿಸಿಕೊಳ್ಳದೆ ದೂರದ ಆಸ್ಪತ್ರೆಗೆ ಕಳಿಸಿತು. ಅವರು ದಾರಿಯಲ್ಲೇ ತೀರಿಕೊಂಡರು. ಆ ಸುದ್ದಿ ಓದಿ ಪರಮಾನಂದ ಕಟಾರ ಎಂಬವರು ಸುಪ್ರೀಂ ಕೋರ್ಟಿಗೆ ಹೋದರು. ಸರ್ಕಾರಿ ಇರಲಿ, ಖಾಸಗಿ ಇರಲಿ, ಜೀವ ಉಳಿಸುವುದು ಪ್ರತಿಯೊಬ್ಬ ವೈದ್ಯರ ಕರ್ತವ್ಯ, ಪೊಲೀಸ್ ಕಾಗದಪತ್ರ ಆಮೇಲೆ ಎಂದು 1989ರಲ್ಲಿ ಕೋರ್ಟ್ ಹೇಳಿತು. ಗಾಯಾಳುವಿಗೆ ನೆರವಾದವರನ್ನು ಮೋಟಾರು ವಾಹನ ಕಾಯ್ದೆಗೆ 2019ರಲ್ಲಿ ಸೇರಿಸಿದ 134ಎ ಕಲಂ ರಕ್ಷಿಸುತ್ತದೆ. ಒಳ್ಳೆಯ ಉದ್ದೇಶದಿಂದ ಸಹಾಯ ಮಾಡಿದವರ ಮೇಲೆ ಮೊಕದ್ದಮೆ ಹಾಕುವಂತಿಲ್ಲ. ರಸ್ತೆ ಅಪಘಾತದ ಗಾಯಾಳುಗಳಿಗೆ 7 ದಿನದವರೆಗೆ 1.5 ಲಕ್ಷ ರೂಪಾಯಿ ತನಕ ನಗದುರಹಿತ ಚಿಕಿತ್ಸೆ ಕೊಡುವ ಕೇಂದ್ರದ ಯೋಜನೆ 2025ರ ಮೇ ತಿಂಗಳಲ್ಲಿ ಜಾರಿಗೆ ಬಂದಿದೆ.

ಗೆಳೆಯರೇ, ಇವತ್ತು ರಾತ್ರಿ ಒಂದು ಕೆಲಸ ಮಾಡಿ. ಮನೆಯ ಹಿರಿಯರ ಹೆಸರು, ವಯಸ್ಸು, ಕಾಯಿಲೆ, ದಿನವೂ ತೆಗೆದುಕೊಳ್ಳುವ ಮಾತ್ರೆ, ಯಾವ ಔಷಧ ಒಗ್ಗುವುದಿಲ್ಲ ಎಂಬುದನ್ನು ಒಂದು ಹಾಳೆಯಲ್ಲಿ ಕನ್ನಡದಲ್ಲಿ ಬರೆದು ಎಲ್ಲರಿಗೂ ಕಾಣುವ ಜಾಗದಲ್ಲಿ ಅಂಟಿಸಿ. ಮೇಲೆ ದೊಡ್ಡದಾಗಿ 108 ಎಂದು ಬರೆಯಿರಿ. ಆಸ್ಪತ್ರೆಗೆ ಹೋಗುವಾಗ ಆ ಹಾಳೆ ಜೊತೆಗಿರಲಿ. ಎಚ್ಚರ ತಪ್ಪಿದವರ ಬಾಯಿಗೆ ನೀರು ಹಾಕಬೇಡಿ. ಕ್ಯಾಶುಯಾಲ್ಟಿಯೊಳಗೆ ರೋಗಿಯ ಜೊತೆ ಒಬ್ಬರು ಸಾಕು, ಹತ್ತು ಜನ ಬೇಡ. ನಮಗಿಂತ ಆಮೇಲೆ ಬಂದವರನ್ನು ಮೊದಲು ಒಳಗೆ ಕರೆದರೆ ದಾರಿ ಬಿಡಿ, ಅವರಿಗಾಗಿ ದುಆ ಮಾಡಿ.