ಅಜೈಲ್ ಕಾರ್ಯಪದ್ಧತಿ ಮತ್ತು ಮಹದೇವಪುರದ ತಂತ್ರಾಂಶ ಕಾಯಕ

ಕೆರೆ ತೋಟಗಳ ಪ್ರದೇಶವಾಗಿದ್ದ ಮಹದೇವಪುರವು 2007ರಲ್ಲಿ ಬೃಹತ್ ಬೆಂಗಳೂರು ಮಹಾನಗರ ಪಾಲಿಕೆಯ ಎಲ್ಲೆಯೊಳಗೆ ಸೇರುವ ವೇಳೆಗಾಗಲೇ ತಂತ್ರಾಂಶೋದ್ಯಮದ ನೆಲೆಯಾಗಿತ್ತು. ಅಲ್ಲಿಯ ಕಚೇರಿಗಳಲ್ಲಿ ದುಡಿಯುವ ತರುಣ ತರುಣಿಯರ ಬಾಯಲ್ಲಿ ನಿತ್ಯವೂ ಕೇಳಿಬರುವ ‘ಅಜೈಲ್’, ‘ಸ್ಕ್ರಮ್’, ‘ಸ್ಪ್ರಿಂಟ್’ ಎಂಬ ಪದಗಳು ಮನೆಯ ಹಿರಿಯರಿಗೆ ಒಗಟಿನಂತಿವೆ. ಅವುಗಳ ಹುರುಳು ಮಾತ್ರ ಸರಳವಾದುದು.

ವಿದ್ಯಾರ್ಥಿನಿಲಯವೊಂದರ ಲೆಕ್ಕಪತ್ರಕ್ಕೆ ತಂತ್ರಾಂಶ ಬೇಕಾಗಿದೆಯೆಂದು ಭಾವಿಸೋಣ. ಹಳೆಯ ಕ್ರಮದಲ್ಲಿ ಬೇಕಾದುದನ್ನೆಲ್ಲ ಮೊದಲೇ ಬರೆದುಕೊಂಡು, ವರ್ಷವಿಡೀ ದುಡಿದು, ಕೊನೆಯಲ್ಲಿ ಒಪ್ಪಿಸುತ್ತಿದ್ದರು. ಅಂದು ಗುಮಾಸ್ತರು, “ಭಕ್ತರು ಹಣವನ್ನಷ್ಟೇ ಅಲ್ಲ, ರಾಗಿ ಅಕ್ಕಿಗಳನ್ನೂ ಕೊಡುತ್ತಾರಲ್ಲ, ಅದನ್ನೆಲ್ಲಿ ಬರೆಯಲಿ?” ಎಂದರೆ ವರ್ಷದ ದುಡಿಮೆಯನ್ನೇ ಬಿಚ್ಚಬೇಕಾಗುತ್ತಿತ್ತು. ಪರೀಕ್ಷಣವನ್ನು ಕಡೆಗೆ ಬಿಡುವುದು ಅಪಾಯಕರವೆಂದು ವಿನ್‌ಸ್ಟನ್ ರಾಯ್ಸ್ 1970ರಲ್ಲಿಯೇ ಎಚ್ಚರಿಸಿದ್ದರು.

ಅಜೈಲ್ ಕ್ರಮದಲ್ಲಿ ಮೊದಲ ಎರಡು ವಾರಗಳಲ್ಲಿ ರಶೀದಿಯ ಪುಟವೊಂದನ್ನೇ ಸಿದ್ಧಪಡಿಸಿ ಗುಮಾಸ್ತರ ಮುಂದಿಡಲಾಗುತ್ತದೆ. ರಾಗಿಯ ಪ್ರಶ್ನೆ ಅಂದೇ ಏಳುತ್ತದೆ. ತಿದ್ದುಪಡಿಯು ಮುಂದಿನ ಎರಡು ವಾರಗಳ ಕೆಲಸಕ್ಕೆ ಸೇರುತ್ತದೆ. ವಾರ್ಷಿಕ ಪರೀಕ್ಷೆಯವರೆಗೆ ಕಾಯದೆ ದಿನವೂ ಮಕ್ಕಳ ಪಾಟಿ ನೋಡುತ್ತಿದ್ದ ಉಪಾಧ್ಯಾಯರಿಗೆ ಇದು ಹೊಸತೆನಿಸದು. 2001ರ ಫೆಬ್ರವರಿಯಲ್ಲಿ ಅಮೆರಿಕದ ಯೂಟಾದಲ್ಲಿ ಕೂಡಿದ 17 ಮಂದಿ ಈ ವಿಚಾರಗಳಿಗೆ ಘೋಷಣೆಯ ರೂಪವಿತ್ತರು.

ಇದರ ಪ್ರಸಿದ್ಧ ಚೌಕಟ್ಟಾದ ‘ಸ್ಕ್ರಮ್’ ಅದಕ್ಕೂ ಹಿಂದಿನದು. ಕೆನ್ ಶ್ವೇಬರ್ ಮತ್ತು ಜೆಫ್ ಸದರ್‌ಲ್ಯಾಂಡ್ 1995ರಲ್ಲಿ ಮಂಡಿಸಿದ್ದು. ಹೆಸರು ರಗ್ಬಿ ಆಟದಿಂದ ಬಂದಿದೆ. ಒಂದು ತಿಂಗಳನ್ನು ಮೀರದ ಅವಧಿಯೇ ‘ಸ್ಪ್ರಿಂಟ್’. ತಂಡದವರು ದಿನಕ್ಕೊಮ್ಮೆ 15 ನಿಮಿಷ ಕಲೆಯುತ್ತಾರೆ. ಅವಧಿ ಮುಗಿದಾಗ ಮಾಡಿದ್ದನ್ನು ತೋರಿಸಿ, ತಮ್ಮ ರೀತಿಯನ್ನೂ ವಿಮರ್ಶಿಸಿಕೊಳ್ಳುತ್ತಾರೆ. ಒಂದು ಅವಧಿಗೆ ಎಷ್ಟು ಕೆಲಸವೆಂದು ತೀರ್ಮಾನಿಸುವವರು ಕೆಲಸ ಮಾಡುವವರೇ. ಎಲ್ಲ ಕೆಲಸಕ್ಕೂ ಇದು ಸಲ್ಲದು: 2023ರಲ್ಲಿ ವೈಟ್‌ಫೀಲ್ಡ್ ತಲುಪಿದ ಮೆಟ್ರೋ ರೈಲಿನ ಕಂಬಗಳನ್ನು ಎರಡು ವಾರಕ್ಕೊಮ್ಮೆ ತಿದ್ದಲಾಗದು.

ಕೆಲಸದ ಪ್ರಮಾಣವನ್ನು ತಂಡವೇ ನಿರ್ಧರಿಸುವ ನಿಯಮವು ಈ ಪದ್ಧತಿಯ ಜೀವಾಳ. ದಿನಾಂಕವೂ ಕೆಲಸವೂ ಮೇಲಿನಿಂದಲೇ ನಿಗದಿಯಾಗಿ ಬಂದರೆ ಸ್ಪ್ರಿಂಟ್ ಎಂಬುದು ಎರಡು ವಾರಕ್ಕೊಮ್ಮೆ ಮರುಕಳಿಸುವ ಗಡುವು ಮಾತ್ರ. ಇದರೊಡನೆ ದೂರದ ತೊಡಕೂ ಇದೆ. ಮಹದೇವಪುರದಲ್ಲಿ ಬೆಳಗಿನ 10 ಗಂಟೆಯೆಂದರೆ ಕ್ಯಾಲಿಫೋರ್ನಿಯದಲ್ಲಿ ಋತುಮಾನಕ್ಕನುಸಾರ ಹಿಂದಿನ ರಾತ್ರಿಯ 8.30 ಅಥವಾ 9.30. ಗ್ರಾಹಕನು ಅಲ್ಲಿದ್ದರೆ ಯಾರಾದರೊಬ್ಬರು ನಿದ್ದೆಗೆಡಲೇಬೇಕು. ಹೆಚ್ಚಾಗಿ ಕೆಡುವವರು ಇಲ್ಲಿಯ ಕಿರಿಯರು. ಅಂತಹ ಕಡೆ ನಿತ್ಯದ ಸಭೆಯು ಮೇಲಧಿಕಾರಿಯ ಮುಂದೆ ಹಾಜರಿ ಹೇಳುವಂತಾಗುವುದೂ ಉಂಟು. ಸ್ಕ್ರಮ್ ನಿಯಮಾವಳಿಯಾದರೋ ಆ 15 ನಿಮಿಷಗಳನ್ನು ಅಧಿಕಾರಿಗಾಗಿ ಇರಿಸಿಲ್ಲ. ದುಡಿಯುವವರು ತಮ್ಮ ತೊಡಕುಗಳನ್ನು ಪರಸ್ಪರ ಹೇಳಿಕೊಂಡು ಆ ದಿನದ ಕೆಲಸವನ್ನು ಹೊಂದಿಸಿಕೊಳ್ಳಲೆಂದು ಇರಿಸಿದೆ.