ರೋಣ, ನರಗುಂದ ಮತ್ತು ಗಜೇಂದ್ರಗಡ ತಾಲೂಕುಗಳ ಕಾಲೇಜು ವಿದ್ಯಾರ್ಥಿಗಳ ಆರೋಗ್ಯ

ರೋಣ, ನರಗುಂದ ಮತ್ತು ಗಜೇಂದ್ರಗಡ ತಾಲೂಕುಗಳು ಕರ್ನಾಟಕದ ಗದಗ ಜಿಲ್ಲೆಯ ಉತ್ತರ ಭಾಗದಲ್ಲಿವೆ. ಗದಗ ಜಿಲ್ಲೆಯು 1997ರಲ್ಲಿ ಧಾರವಾಡ ಜಿಲ್ಲೆಯಿಂದ ಬೇರ್ಪಟ್ಟಿತು. ಗಜೇಂದ್ರಗಡವು 2018ರಲ್ಲಿ ರೋಣದಿಂದ ಬೇರ್ಪಟ್ಟು ಪ್ರತ್ಯೇಕ ತಾಲೂಕಾಯಿತು. ಇಲ್ಲಿನ ಪದವಿ ಕಾಲೇಜುಗಳು ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯದ ವ್ಯಾಪ್ತಿಗೆ ಸೇರಿವೆ. ವಿದ್ಯಾರ್ಥಿಗಳಲ್ಲಿ ಹಲವರು ಸುತ್ತಲಿನ ಹಳ್ಳಿಗಳಿಂದ ಪ್ರತಿದಿನ ಬಸ್ಸಿನಲ್ಲಿ ಬಂದುಹೋಗುತ್ತಾರೆ.

ಪ್ರವೇಶದ ನಿಯಮಗಳು

ಅಮೆರಿಕದ ಅನೇಕ ರಾಜ್ಯಗಳಲ್ಲಿ ಕಾಲೇಜು ಸೇರುವವರು ದಡಾರ, ಮೆದುಳುಪೊರೆಯ ಉರಿಯೂತ ಮೊದಲಾದ ರೋಗಗಳ ವಿರುದ್ಧ ಲಸಿಕೆ ಪಡೆದ ದಾಖಲೆಯನ್ನು ಒಪ್ಪಿಸಬೇಕಾಗುತ್ತದೆ. ಕರ್ನಾಟಕದ ಕಲಾ, ವಾಣಿಜ್ಯ ಮತ್ತು ವಿಜ್ಞಾನ ಪದವಿ ತರಗತಿಗಳಿಗೆ ಸಾಮಾನ್ಯವಾಗಿ ಅಂತಹ ಷರತ್ತು ಇಲ್ಲ. ಕೋವಿಡ್ ಕಾಲ ಇದಕ್ಕೆ ಅಪವಾದ. 2021ರ ಜುಲೈ 26ರಂದು ಪದವಿ ಕಾಲೇಜುಗಳು ಪುನಃ ತೆರೆದಾಗ, ಕನಿಷ್ಠ ಒಂದು ಡೋಸ್ ಲಸಿಕೆ ಪಡೆದ ವಿದ್ಯಾರ್ಥಿಗಳಿಗೆ ಮತ್ತು ಸಿಬ್ಬಂದಿಗೆ ಮಾತ್ರ ಪ್ರವೇಶವಿತ್ತು.

ರಾಷ್ಟ್ರೀಯ ಲಸಿಕಾ ವೇಳಾಪಟ್ಟಿಯಂತೆ 10 ಮತ್ತು 16ನೆಯ ವಯಸ್ಸಿನಲ್ಲಿ ಧನುರ್ವಾಯು ಹಾಗೂ ಗಂಟಲಮಾರಿ ವಿರುದ್ಧದ ಲಸಿಕೆ ನೀಡಲಾಗುತ್ತದೆ. ಎರಡನೆಯದನ್ನು ಹಾಕಿಸಿಕೊಂಡಿರುವುದನ್ನು ಕಾಲೇಜು ಸೇರುವ ಹೊತ್ತಿಗೆ ಖಚಿತಪಡಿಸಿಕೊಳ್ಳುವುದು ಒಳ್ಳೆಯದು.

ವಯೋಮಿತಿಯ ಅಂತರ

2013ರಲ್ಲಿ ಆರಂಭವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮವು 18 ವರ್ಷದವರೆಗಿನ ಮಕ್ಕಳನ್ನು ತಪಾಸಣೆ ಮಾಡುತ್ತದೆ. ವೈದ್ಯರ ತಂಡವು ಸರ್ಕಾರಿ ಮತ್ತು ಅನುದಾನಿತ ಶಾಲೆಗಳಿಗೇ ಬರುತ್ತದೆ. ಹದಿಹರೆಯದವರಿಗೆ ವಾರಕ್ಕೊಂದು ಕಬ್ಬಿಣಾಂಶದ ಮಾತ್ರೆ ನೀಡುವ ಯೋಜನೆ 10ರಿಂದ 19 ವರ್ಷದವರಿಗೆ. 2014ರ ಜನವರಿ 7ರಂದು ಆರಂಭವಾದ ರಾಷ್ಟ್ರೀಯ ಕಿಶೋರ ಸ್ವಾಸ್ಥ್ಯ ಕಾರ್ಯಕ್ರಮವೂ ಇದೇ ವಯೋಮಾನದವರಿಗೆ. ಕರ್ನಾಟಕದ 'ಶುಚಿ' ಯೋಜನೆಯ ಉಚಿತ ಸ್ಯಾನಿಟರಿ ಪ್ಯಾಡುಗಳು 10ರಿಂದ 18 ವರ್ಷದ ಹೆಣ್ಣುಮಕ್ಕಳಿಗೆ ಮೀಸಲು.

ಪದವಿ ವಿದ್ಯಾರ್ಥಿಗಳು ಸಾಮಾನ್ಯವಾಗಿ 18ರಿಂದ 21 ವರ್ಷದವರು. ಆದುದರಿಂದ ಶಾಲೆಯ ಬಾಗಿಲಿಗೇ ಬರುತ್ತಿದ್ದ ತಪಾಸಣೆಯು ಪದವಿಯ ವೇಳೆಗೆ ನಿಂತುಹೋಗುತ್ತದೆ. ಅಲ್ಲಿಂದ ಮುಂದೆ ಆರೋಗ್ಯ ಪರೀಕ್ಷೆಗೆ ವಿದ್ಯಾರ್ಥಿಯೇ ಆಸ್ಪತ್ರೆಗೆ ಹೋಗಬೇಕಾಗುತ್ತದೆ. ತೊಂದರೆ ಕಾಣಿಸದ ಹೊರತು ಹೋಗುವವರು ಕಡಿಮೆ.

ರಕ್ತಹೀನತೆ

2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದ 15ರಿಂದ 49 ವರ್ಷದ ಮಹಿಳೆಯರಲ್ಲಿ ಸುಮಾರು ಶೇ. 48ರಷ್ಟು ಮಂದಿಗೆ ರಕ್ತಹೀನತೆ ಇದೆ. ಗರ್ಭಿಣಿಯರಲ್ಲದ ಮಹಿಳೆಯರಲ್ಲಿ ಹಿಮೋಗ್ಲೋಬಿನ್ ಪ್ರಮಾಣ ಪ್ರತಿ ಡೆಸಿಲೀಟರ್‌ಗೆ 12 ಗ್ರಾಂಗಿಂತ ಕಡಿಮೆ ಇದ್ದರೆ ರಕ್ತಹೀನತೆ ಎನ್ನುತ್ತಾರೆ. ಪುರುಷರಲ್ಲಿ ಈ ಮಿತಿ 13 ಗ್ರಾಂ. ಆಯಾಸ, ಏದುಸಿರು, ಪಾಠದಲ್ಲಿ ಗಮನ ನಿಲ್ಲದಿರುವುದು ಇದರ ಲಕ್ಷಣಗಳು. ಇವನ್ನು ಸೋಮಾರಿತನವೆಂದು ತಪ್ಪಾಗಿ ತಿಳಿಯುವುದುಂಟು.

ರಕ್ತದಾನಕ್ಕೆ 18 ವರ್ಷ ತುಂಬಿರಬೇಕು, ಕನಿಷ್ಠ 45 ಕಿಲೋಗ್ರಾಂ ತೂಕ ಮತ್ತು 12.5 ಗ್ರಾಂ ಹಿಮೋಗ್ಲೋಬಿನ್ ಇರಬೇಕು. ಕಾಲೇಜಿನ ರಕ್ತದಾನ ಶಿಬಿರದಲ್ಲಿ ಹಿಮೋಗ್ಲೋಬಿನ್ ಕಡಿಮೆಯೆಂದು ಹಿಂದಿರುಗಿದವರು ಅಲ್ಲಿಗೇ ಬಿಡದೆ ಆಸ್ಪತ್ರೆಯಲ್ಲಿ ಪರೀಕ್ಷೆ ಮಾಡಿಸಿಕೊಳ್ಳಬೇಕು.

ಪುಂಡಿ ಪಲ್ಯ, ಮೆಂತ್ಯ ಮೊದಲಾದ ಸೊಪ್ಪುಗಳು ಮತ್ತು ಮೊಳಕೆ ಕಾಳುಗಳು ಕಬ್ಬಿಣಾಂಶ ಒದಗಿಸುತ್ತವೆ. ಊಟದ ಜೊತೆ ನಿಂಬೆಹಣ್ಣು ಸೇವಿಸಿದರೆ ಕಬ್ಬಿಣಾಂಶ ಚೆನ್ನಾಗಿ ಹೀರಿಕೊಳ್ಳುತ್ತದೆ. ಊಟದ ಜೊತೆಗಿನ ಚಹಾ ಅದನ್ನು ತಡೆಯುತ್ತದೆ. ಬೆಳಗಿನ ಬಸ್ಸು ಹಿಡಿಯುವ ಅವಸರದಲ್ಲಿ ಚಹಾ ಮಾತ್ರ ಕುಡಿದು ಹೊರಡುವುದು ಹಿತವಲ್ಲ.

ಫ್ಲೋರೈಡ್

ಗದಗ ಜಿಲ್ಲೆಯ ಹಲವೆಡೆ ಅಂತರ್ಜಲದಲ್ಲಿ ಫ್ಲೋರೈಡ್ ಅಂಶ ಹೆಚ್ಚು. ಭಾರತೀಯ ಮಾನಕದಂತೆ ಕುಡಿಯುವ ನೀರಿನಲ್ಲಿ ಇದು ಪ್ರತಿ ಲೀಟರ್‌ಗೆ 1 ಮಿಲಿಗ್ರಾಂ ಒಳಗಿರಬೇಕು. ಬೇರೆ ಮೂಲವಿಲ್ಲದಿದ್ದರೆ 1.5 ಮಿಲಿಗ್ರಾಂವರೆಗೆ ಅನುಮತಿಯಿದೆ. ಹಲ್ಲಿನ ಮೇಲಿನ ಕಂದು ಕಲೆಗಳು ಬಾಲ್ಯದಲ್ಲಿ, ಹಲ್ಲು ರೂಪುಗೊಳ್ಳುವಾಗ ಉಂಟಾದವು, ಹಲ್ಲುಜ್ಜುವುದರಿಂದ ಹೋಗುವುದಿಲ್ಲ. ಅವು ಸ್ವಚ್ಛತೆಯ ಕೊರತೆಯ ಗುರುತಲ್ಲ. ಮೂಳೆ ಮತ್ತು ಕೀಲುಗಳ ಹಾನಿಯಾದರೋ ಅನೇಕ ವರ್ಷಗಳ ಸೇವನೆಯಿಂದ ಆಗುವಂಥದ್ದು, ತಡೆಯಬಹುದಾದದ್ದು. ನೀರನ್ನು ಕುದಿಸಿದರೆ ಫ್ಲೋರೈಡ್ ಹೋಗುವುದಿಲ್ಲ. ಗ್ರಾಮದ ಶುದ್ಧ ಕುಡಿಯುವ ನೀರಿನ ಘಟಕದ ನೀರು ಅಥವಾ ನದಿಮೂಲದಿಂದ ಶುದ್ಧೀಕರಿಸಿ ಪೂರೈಸಿದ ನೀರು ಸುರಕ್ಷಿತ.

ತಂಬಾಕು

ಶಿಕ್ಷಣ ಸಂಸ್ಥೆಗಳ 100 ಗಜದೊಳಗೆ ತಂಬಾಕು ಮಾರಾಟವನ್ನು 2003ರ ಕೇಂದ್ರ ಕಾಯ್ದೆ ನಿಷೇಧಿಸಿದೆ. 2025ರಲ್ಲಿ ಜಾರಿಗೆ ಬಂದ ಕರ್ನಾಟಕದ ತಿದ್ದುಪಡಿಯು ತಂಬಾಕು ಖರೀದಿಯ ಕನಿಷ್ಠ ವಯಸ್ಸನ್ನು 18ರಿಂದ 21ಕ್ಕೆ ಏರಿಸಿತು. ಹೀಗಾಗಿ ಪದವಿ ವಿದ್ಯಾರ್ಥಿಗಳಲ್ಲಿ ಹೆಚ್ಚಿನವರಿಗೆ ತಂಬಾಕು ಮಾರುವುದು ಈಗ ಅಪರಾಧವಾಗಿದೆ.

ಜಾಗೃತಿ ಮತ್ತು ನೆರವು

ಪದವಿ ಹಂತದ ಅಂತರವನ್ನು ಸ್ವಲ್ಪಮಟ್ಟಿಗೆ ತುಂಬುವವು ಕಾಲೇಜಿನೊಳಗಿನ ಘಟಕಗಳು. 1969ರಲ್ಲಿ ಆರಂಭವಾದ ರಾಷ್ಟ್ರೀಯ ಸೇವಾ ಯೋಜನೆ, ಯುವ ರೆಡ್‌ಕ್ರಾಸ್ ಹಾಗೂ ಎಚ್‌ಐವಿ ಜಾಗೃತಿಗಾಗಿ ಇರುವ ರೆಡ್ ರಿಬ್ಬನ್ ಕ್ಲಬ್ ಇವುಗಳಲ್ಲಿ ಮುಖ್ಯವಾದವು. ಇವು ಏರ್ಪಡಿಸುವ ಶಿಬಿರಗಳಲ್ಲಿ ಹಿಮೋಗ್ಲೋಬಿನ್ ಪರೀಕ್ಷೆಯನ್ನು ಸೇರಿಸಿದರೆ, ಶಾಲೆಯೊಂದಿಗೆ ಮುಗಿದ ತಪಾಸಣೆ ಕಾಲೇಜಿನಲ್ಲಿ ಮುಂದುವರಿದಂತಾಗುತ್ತದೆ.

ಮೂರೂ ಪಟ್ಟಣಗಳಲ್ಲಿ ಸರ್ಕಾರಿ ಆಸ್ಪತ್ರೆಗಳಿವೆ. ಹೆಚ್ಚಿನ ಚಿಕಿತ್ಸೆಗೆ ಗದಗದ ಸರ್ಕಾರಿ ವೈದ್ಯಕೀಯ ವಿಜ್ಞಾನಗಳ ಸಂಸ್ಥೆಯ ಆಸ್ಪತ್ರೆಯಿದೆ. ಪರೀಕ್ಷೆಯ ಆತಂಕ, ಖಿನ್ನತೆ ಮೊದಲಾದವುಗಳಿಗೆ 2022ರ ಅಕ್ಟೋಬರ್ 10ರಂದು ಆರಂಭವಾದ ಟೆಲಿ ಮಾನಸ್ ಸಹಾಯವಾಣಿ 14416ರಲ್ಲಿ ಹಗಲಿರುಳು ಉಚಿತ ಸಮಾಲೋಚನೆ ದೊರೆಯುತ್ತದೆ, ಕನ್ನಡದಲ್ಲಿಯೇ ಮಾತನಾಡಬಹುದು. ತುರ್ತು ಆಂಬ್ಯುಲೆನ್ಸ್ ಸೇವೆಯ ಸಂಖ್ಯೆ 108.