ಮೆದುಳುಕಾಂಡದ ಹಾದಿ: ನಂಬಿಕೆಯೂ ನಿಜವೂ

ಮೆದುಳುಕಾಂಡದ ಬಳಿ ಗಡ್ಡೆಯೊಂದು ಕಂಡಿತೆಂದೊಡನೆ, ಉಸಿರು, ಎಚ್ಚರ, ನುಂಗುವ ಶಕ್ತಿ ಇವೆಲ್ಲಕ್ಕೂ ಆ ಕಾಂಡವೇ ಆಧಾರವೆಂಬುದನ್ನು ಕೇಳಿಬಲ್ಲ ಜನರು, ಅಲ್ಲಿಗೆ ಶಸ್ತ್ರ ತಲುಪಬೇಕಾದರೆ ಮೆದುಳನ್ನು ಸೀಳಿಕೊಂಡೇ ಹೋಗಬೇಕೆಂದೂ, ಹೋದರೆ ರೋಗಿ ಉಳಿಯಲಾರನೆಂದೂ ಭಾವಿಸುವುದು ಸಹಜ. ವಸ್ತುಸ್ಥಿತಿ ಬೇರೆ. ಮೆದುಳಿನ ಭಾಗಗಳ ನಡುವೆ ಪ್ರಕೃತಿಯೇ ಬಿಟ್ಟಿರುವ, ಮಸ್ತಿಷ್ಕದ್ರವ ತುಂಬಿದ ಸಂದುಗಳನ್ನೇ ಶಸ್ತ್ರವೈದ್ಯನು ಮೊದಲು ಅರಸುತ್ತಾನೆ. 1913ರಷ್ಟು ಹಿಂದೆಯೇ ಬರ್ಲಿನ್ನಿನ ಶಸ್ತ್ರವೈದ್ಯ ಫೆಡೋರ್ ಕ್ರೌಸೆಯವರು, ಕಿರುಮೆದುಳಿಗೂ ಅದರ ಮೇಲ್ಛಾವಣಿಯಾಗಿರುವ ಗಟ್ಟಿ ಪೊರೆಗೂ ನಡುವಣ ಸಂದಿನಲ್ಲಿ ಸಾಗಿ, ಬಾಲಕನೊಬ್ಬನ ಮಧ್ಯಮೆದುಳಿನ ಹಿಂಬದಿಯ ಗಡ್ಡೆಯನ್ನು ಹೊರತೆಗೆದರು. ರೋಗಿಯನ್ನು ಕುಳ್ಳಿರಿಸಿ ಈ ಮಾರ್ಗ ಹಿಡಿದರೆ ಕಿರುಮೆದುಳು ತನ್ನ ಭಾರದಿಂದಲೇ ಕೆಳಕ್ಕೆ ಸರಿದು ಎಡೆಮಾಡಿಕೊಡುತ್ತದೆ. ಆದರೆ ತೆರೆದ ರಕ್ತನಾಳದೊಳಗೆ ಗಾಳಿ ನುಗ್ಗಿ ಹೃದಯವನ್ನು ಸೇರುವ ಅಪಾಯವೂ ಅದೇ ಭಂಗಿಗೆ ಅಂಟಿಕೊಂಡಿದೆ.

ಹತ್ತಿರದ ದಾರಿಯೇ ಲೇಸೆಂಬ ನಂಬಿಕೆ, ಮೆದುಳನ್ನು ಸೀಳಲೇಬೇಕೆಂಬ ನಂಬಿಕೆಗಿಂತ ಮೋಸಕರವಾದುದು, ಏಕೆಂದರೆ ಅದು ವಿವೇಕದ ವೇಷದಲ್ಲಿ ಬರುತ್ತದೆ. ಕಾಂಡದ ನಡುಭಾಗವಾದ ಪಾನ್ಸಿನೊಳಗೆ ರಕ್ತ ಸೋರುವ ಕ್ಯಾವರ್ನೋಮವೊಂದು, ಎಂದರೆ ರಕ್ತನಾಳಗಳ ಗಂಟೊಂದು, ಹಿಂಬದಿಯಲ್ಲಿ ಮಸ್ತಿಷ್ಕದ್ರವ ತುಂಬಿರುವ ನಾಲ್ಕನೆಯ ಕುಹರದ ನೆಲಕ್ಕೆ ಸಮೀಪವಾಗಿಯೇ ಇದ್ದರೂ, ಆ ನೆಲದಡಿಯಲ್ಲಿ ಮುಖದ ನರದ ತಂತುಗಳು ಕಣ್ಣನ್ನು ಹೊರಳಿಸುವ ನರಕೇಂದ್ರವನ್ನು ಬಳಸಿ ಸಾಗುವುದರಿಂದ, ಅನೇಕ ವೇಳೆ ವೈದ್ಯನು ಕಿವಿಯ ಹಿಂದೆ ತಲೆಬುರುಡೆಯನ್ನು ತೆರೆದು, ದೂರವಾದರೂ ಹಾನಿ ಕಡಿಮೆಯಾದ ಪಾರ್ಶ್ವದ ದ್ವಾರದಿಂದ ಪ್ರವೇಶಿಸುತ್ತಾನೆ. ನೆಲದ ಮೂಲಕವೇ ಹೋಗಬೇಕಾಗಿ ಬಂದಾಗ, ರೋಗಿಯ ಕಣ್ಣು ತುಟಿಗಳ ಸುತ್ತಣ ಸ್ನಾಯುಗಳಲ್ಲಿ ಸೂಜಿಗಳನ್ನು ಚುಚ್ಚಿಟ್ಟು, ಮಂದವಿದ್ಯುತ್ತು ಹರಿಯುವ ಕಡ್ಡಿಯಿಂದ ಆ ನೆಲವನ್ನು ಮುಟ್ಟಿ ಮುಟ್ಟಿ ನೋಡುತ್ತಾರೆ. ತುಟಿ ಮಿಡಿಯಿತೆಂದು ಯಂತ್ರ ಸೂಚಿಸಿದ ಕಡೆ ಕತ್ತಿಯಿಡುವಂತಿಲ್ಲ. ಕೈಚಳಕಕ್ಕಿಂತ ಈ ಸಂಯಮವೇ ಹಿರಿದಾದ ವಿದ್ಯೆಯೆಂದು ನನಗನ್ನಿಸುತ್ತದೆ.

ಮೂಗಿನ ಮೂಲಕ ನಡೆಸುವ ಶಸ್ತ್ರಕ್ರಿಯೆ, ಹೊರಗೆ ಗಾಯ ಕಾಣದ ಮಾತ್ರಕ್ಕೆ, ಸಣ್ಣದಲ್ಲ. ಕಾಂಡದ ಮುಂದಣ ಮೂಳೆಯಲ್ಲಿ ಹುಟ್ಟುವ ಕಾರ್ಡೋಮವೆಂಬ ಗಡ್ಡೆಗೆ ಅದು ಪ್ರಶಸ್ತವೇನೋ ಸರಿ; ಆದರೆ ಮಾಡಿದ ರಂಧ್ರವನ್ನು, ಹಲವು ವೇಳೆ ಮೂಗಿನ ನಡುಗೋಡೆಯ ಲೋಳೆಪೊರೆಯಿಂದಲೇ, ಭದ್ರವಾಗಿ ಮುಚ್ಚದಿದ್ದಲ್ಲಿ ಮಸ್ತಿಷ್ಕದ್ರವ ಸೋರಿ ಮೆದುಳುಪೊರೆಯ ಸೋಂಕಾದ ಮೆನಿಂಜೈಟಿಸ್ ತಗುಲಬಹುದು.

ಇನ್ನು, ದಾರಿಯಿದ್ದರೆ ಎಲ್ಲವನ್ನೂ ತೆಗೆಯಬಹುದೆಂಬ ಅತ್ಯಾಶೆಯೂ ಸಲ್ಲದು. ಮಕ್ಕಳ ಪಾನ್ಸಿನಲ್ಲಿ ಹರಡಿ ಬೆಳೆಯುವ ಗ್ಲಯೋಮವೆಂಬ ಗಡ್ಡೆಗೂ ಸುತ್ತಣ ಆರೋಗ್ಯವಂತ ಅಂಗಾಂಶಕ್ಕೂ ನಡುವೆ ಗಡಿಯೇ ಇಲ್ಲವಾದ್ದರಿಂದ ಅದನ್ನು ಕತ್ತರಿಸಿ ತೆಗೆಯಲಾಗದು. ವಿಕಿರಣ ಚಿಕಿತ್ಸೆಯೇ ಮುಖ್ಯ ಅವಲಂಬನ. ಆದಕಾರಣ ಗಡ್ಡೆ ಎಲ್ಲಿದೆಯೆಂಬುದರ ಜೊತೆಗೆ, ಅದು ಯಾವ ಜಾತಿಯದು, ಕಾಂಡದ ಮೇಲ್ಮೈಯನ್ನು ಮುಟ್ಟಿದೆಯೇ ಎಂಬುದನ್ನೂ ರೋಗಿಯ ಬಂಧುಗಳು ವೈದ್ಯರಲ್ಲಿ ಕೇಳಿ ತಿಳಿಯಬೇಕು.